ತಕರಾರಿನ ಚುನಾವಣೆ ಮತ್ತು ಮತವಿಲ್ಲದವರ ದನಿ



ಮಂಡ್ಯದಲ್ಲಿ ನಿಂತು ರಾಷ್ಟ್ರಪತಿ ಚುನಾವಣೆಯ ವಿಷಯ ಮಾತಾಡುವುದಕ್ಕೆ ಕಾರಣ ಹೇಳಬೇಕು. ಆ ಚುನಾವಣೆಯಲ್ಲಿ ಇಲ್ಲಿ ಕೂತಿರುವ ನಮಗೆ ಯಾರಿಗೂ ಮತವಿಲ್ಲ. ಚುನಾಯಿತ ಶಾಸಕರು, ಸಂಸದರು ಮಾತ್ರ ಮತ ಹಾಕುತ್ತಾರೆ. ವಿಧಾನ ಪರಿಷತ್ತಿನ ಸದಸ್ಯರಿಗೂ ಅಲ್ಲಿ ಮತವಿಲ್ಲ. ಕರ್ನಾಟಕದ ಒಬ್ಬ ಶಾಸಕನ ಮತದ ಮೌಲ್ಯ ಈಗ 131. ನಮ್ಮ ಜಿಲ್ಲೆಯ ಏಳು ಕ್ಷೇತ್ರ ಸೇರಿದರೆ 917. ಇಷ್ಟು ದೂರದ ಚುನಾವಣೆ ನಮ್ಮ ಊರುಗಳ ಜಗುಲಿಗೆ ಬಂದು, ಮನೆಮನೆಯ ಜಗಳವಾಗಿ, ಕೊನೆಗೆ ಈ ರಾಜ್ಯದ ರಾಜಕೀಯವನ್ನೇ ತಿರುಗಿಸಿಬಿಟ್ಟ ಒಂದು ವರ್ಷವಿದೆ. ಅದು 1969. ಅದು ಶುರುವಾದದ್ದು ಬೆಂಗಳೂರಿನ ಲಾಲ್‌ಬಾಗಿನಲ್ಲಿ. ಅದರ ಒಂದು ತುದಿಯಲ್ಲಿ ನಿಂತಿದ್ದವರು ನಮ್ಮ ಎಸ್. ನಿಜಲಿಂಗಪ್ಪನವರು.

ಗೆದ್ದವರನ್ನೋ ಸೋತವರನ್ನೋ ಹೊಗಳುವುದು ನನ್ನ ಉದ್ದೇಶವಲ್ಲ. ಒಂದು ಚುನಾವಣೆಯ ಫಲಿತಾಂಶದ ಮೇಲೆ ತಕರಾರು ಎದ್ದಾಗ ಜನ ಏನು ಮಾಡುತ್ತಾರೆ, ಆ ತಕರಾರು ಎಲ್ಲಿಗೆ ಹೋಗುತ್ತದೆ, ಎಲ್ಲಿಗೂ ಹೋಗಲಾರದೆ ಹೋದರೆ ಏನಾಗುತ್ತದೆ ಎಂಬುದು ನನ್ನನ್ನು ಬಹಳ ವರ್ಷಗಳಿಂದ ಕಾಡುತ್ತಿರುವ ಪ್ರಶ್ನೆ. ಚಳವಳಿಯ ಜಿಲ್ಲೆ ಎಂದು ಹೆಸರಾದ ಈ ನೆಲದಲ್ಲಿ ಅದನ್ನು ಕೇಳದೆ ಇನ್ನೆಲ್ಲಿ ಕೇಳಬೇಕು?

1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನರು ಅಧಿಕಾರದಲ್ಲಿರುವಾಗಲೇ ತೀರಿಕೊಂಡರು. ಉಪರಾಷ್ಟ್ರಪತಿಯಾಗಿದ್ದ ವಿ.ವಿ. ಗಿರಿಯವರು ಹಂಗಾಮಿ ರಾಷ್ಟ್ರಪತಿಯಾದರು. ಗಿರಿ ನಮಗೆ ಅಪರಿಚಿತರಲ್ಲ. 1965ರಿಂದ 1967ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿ ಬೆಂಗಳೂರಿನಲ್ಲೇ ಇದ್ದವರು. ರೈಲ್ವೆ ಕಾರ್ಮಿಕರ ಸಂಘಟನೆಯಿಂದ ಮೇಲೆ ಬಂದವರು. ಬ್ಯಾಂಕ್ ನೌಕರರ ತೀರ್ಪಿನ ವಿಷಯದಲ್ಲಿ ಸರ್ಕಾರದ ಜೊತೆ ಒಪ್ಪದೆ 1954ರಲ್ಲಿ ಕೇಂದ್ರದ ಕಾರ್ಮಿಕ ಮಂತ್ರಿ ಪದವಿಯನ್ನೇ ಬಿಟ್ಟವರು.

ಜುಲೈ ತಿಂಗಳಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನ ಬೆಂಗಳೂರಿನಲ್ಲಿ ಸೇರಿತು. ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಸಭೆ. ನಿಜಲಿಂಗಪ್ಪನವರು ಪಕ್ಷದ ಅಧ್ಯಕ್ಷರು. ಜುಲೈ 12ರಂದು ಪಕ್ಷದ ಸಂಸದೀಯ ಮಂಡಳಿ ಕೂತು, ಪ್ರಧಾನಿ ಇಂದಿರಾ ಗಾಂಧಿಯವರ ಇಚ್ಛೆಯನ್ನು ಬದಿಗಿಟ್ಟು, ಲೋಕಸಭೆಯ ಸ್ಪೀಕರ್ ನೀಲಂ ಸಂಜೀವ ರೆಡ್ಡಿಯವರನ್ನು ಬಹುಮತದಿಂದ ರಾಷ್ಟ್ರಪತಿ ಅಭ್ಯರ್ಥಿಯಾಗಿ ಆರಿಸಿತು. ಗಿರಿಯವರು ತಾವು ಸ್ವತಂತ್ರವಾಗಿ ನಿಲ್ಲುವುದಾಗಿ ಹೇಳಿದರು. ಮುಂದಿನ ಒಂದು ವಾರದಲ್ಲಿ ನಡೆದದ್ದು ಒಂದರ ಮೇಲೊಂದು. ಮೊರಾರ್ಜಿ ದೇಸಾಯಿಯವರಿಂದ ಹಣಕಾಸು ಖಾತೆ ಹೋಯಿತು. ಜುಲೈ 19ರಂದು ಸುಗ್ರೀವಾಜ್ಞೆಯ ಮೂಲಕ 14 ಬ್ಯಾಂಕುಗಳು ಸರ್ಕಾರದ ಸ್ವತ್ತಾದವು. ಆ 14ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕೂ ಇತ್ತು, ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕೂ ಇತ್ತು. ಮಾರನೆಯ ದಿನ ಗಿರಿಯವರು ರಾಜೀನಾಮೆ ಕೊಟ್ಟರು. ರಾಷ್ಟ್ರಪತಿಯೂ ಇಲ್ಲ, ಉಪರಾಷ್ಟ್ರಪತಿಯೂ ಇಲ್ಲ ಎಂಬ ಸ್ಥಿತಿ ಬಂದು, ಮುಖ್ಯ ನ್ಯಾಯಮೂರ್ತಿ ಎಂ. ಹಿದಾಯತುಲ್ಲಾ ಅವರು ಆ ಜಾಗದಲ್ಲಿ ಕೂತರು.

ದೆಹಲಿಯಲ್ಲಿ ಪ್ರಧಾನಿಯ ಮನೆಯ ಮುಂದೆ ಜನ ಸೇರತೊಡಗಿದರು. ಟ್ಯಾಕ್ಸಿ ಓಡಿಸುವವರು, ರಿಕ್ಷಾ ತುಳಿಯುವವರು, ಸಣ್ಣ ಅಂಗಡಿಯವರು. ಆ ಗುಂಪುಗಳನ್ನು ಕರೆತಂದದ್ದು, ತಾವಾಗಿ ಬಂದದ್ದಲ್ಲ ಎಂದು ವಿರೋಧಿಗಳು ಅಂದರು. ಒಂದಷ್ಟು ನಿಜವೂ ಇರಬಹುದು. ಆದರೆ ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುತ್ತಿದ್ದವನಿಗೆ ‘ಇನ್ನು ಇದು ನಿನ್ನದು’ ಎಂದು ಯಾರೋ ಹೇಳಿದಾಗ ಅವನ ಮನಸ್ಸಿನಲ್ಲಿ ಎದ್ದ ಅಲೆಯನ್ನು ಬರೀ ಲಾರಿ ಬಾಡಿಗೆಯ ಲೆಕ್ಕದಲ್ಲಿ ಅಳೆಯುವುದನ್ನು ನಾನು ಒಪ್ಪಲಾರೆ.

ನಾನಾಗ ಮಳವಳ್ಳಿಯಲ್ಲಿ ಹೈಸ್ಕೂಲು ಓದುತ್ತಿದ್ದೆ. ರೇಡಿಯೋ ಇದ್ದ ಕಾಫಿ ಹೋಟೆಲಿನ ಮುಂದೆ ವಾರ್ತೆಯ ಹೊತ್ತಿಗೆ ದೊಡ್ಡವರು ಸೇರುತ್ತಿದ್ದರು. ಅಲ್ಲಿ ಕೇಳಿದ ಒಂದು ಮಾತುಕತೆ ನನಗೆ ಚೆನ್ನಾಗಿ ನೆನಪಿದೆ. ಒಬ್ಬರು, “ಯಾರ್ ಗೆದ್ರೆ ನಮ್ಗೇನಪ್ಪಾ, ನಮ್ಮನ್ನೇನಾರ ಕೇಳವ್ರಾ?” ಅಂದರು. ಹೆಗಲ ಮೇಲೆ ಟವಲು ಹಾಕಿಕೊಂಡಿದ್ದ ಇನ್ನೊಬ್ಬರು, “ಕೇಳ್ದಿದ್ರೆ ಏನ್ಲಾ, ನಾವಾಗೇ ಹೇಳ್ಬಾರ್ದಾ?” ಅಂದರು. ಅವರು ನಿಜಲಿಂಗಪ್ಪನವರ ಕಡೆಯವರು. ಮೊದಲು ಮಾತಾಡಿದವರು ಇಂದಿರಮ್ಮನ ಕಡೆ. ಒಂದೇ ಮನೆಯಲ್ಲಿ ಅಪ್ಪ ಒಂದು ಕಡೆ, ಮಗ ಒಂದು ಕಡೆ ಆದದ್ದನ್ನು ಆ ವರ್ಷ ನೋಡಿದೆ. ಮತ ಇರಲಿಲ್ಲ, ಆದರೂ ಅಭಿಪ್ರಾಯವಿತ್ತು. ಅದನ್ನು ಹೇಳುವುದು ತಮ್ಮ ಹಕ್ಕು ಎಂಬ ಭಾವನೆ ಇತ್ತು.

ಮತದಾನ ಆಗಸ್ಟ್ 16ಕ್ಕೆ. ಸಂಜೀವ ರೆಡ್ಡಿಯವರ ನಾಮಪತ್ರಕ್ಕೆ ಸ್ವತಃ ಸಹಿ ಹಾಕಿದ್ದ ಇಂದಿರಾ ಗಾಂಧಿಯವರು ಮತದಾನದ ಹೊಸ್ತಿಲಲ್ಲಿ ಆತ್ಮಸಾಕ್ಷಿಗೆ ತಕ್ಕಂತೆ ಮತ ಹಾಕಿ ಎಂದರು. ನಿಜಲಿಂಗಪ್ಪನವರು ಪಕ್ಷದ ಶಿಸ್ತಿನ ಮಾತಾಡಿದರು. ಜೊತೆಗೆ, ಎರಡನೆಯ ಪ್ರಾಶಸ್ತ್ಯದ ಮತವನ್ನಾದರೂ ರೆಡ್ಡಿಯವರಿಗೆ ಕೊಡಿ ಎಂದು ಕೇಳಲು ಜನಸಂಘ ಮತ್ತು ಸ್ವತಂತ್ರ ಪಕ್ಷಗಳ ನಾಯಕರನ್ನು ಕಂಡರು. ಆ ಪಕ್ಷಗಳ ಅಭ್ಯರ್ಥಿ ಸಿ.ಡಿ. ದೇಶಮುಖರು. ಇದೇ ಭೇಟಿ ನಿಜಲಿಂಗಪ್ಪನವರ ಮೇಲೆ ತಿರುಗಿಬಿತ್ತು. ಹೆಸರಿಲ್ಲದ ಒಂದು ಕರಪತ್ರ ಬೇರೆ ಹೊರಬಂತು. ರೆಡ್ಡಿಯವರ ನಡತೆಯ ಬಗ್ಗೆ ಹೇಳಬಾರದ್ದನ್ನೆಲ್ಲ ಅದರಲ್ಲಿ ಬರೆದು, ಅಂಚೆಯಲ್ಲಿ ಕಳಿಸಿ, ಸಂಸತ್ತಿನ ಸೆಂಟ್ರಲ್ ಹಾಲಿನಲ್ಲೇ ಹಂಚಿದರು. ಯಾರು ಬರೆದರು, ಯಾರು ಅಚ್ಚು ಹಾಕಿಸಿದರು ಎಂಬುದಿಲ್ಲದ ಕಾಗದ. ಇವತ್ತು ನಮ್ಮ ಮೊಬೈಲಿಗೆ ಬೆಳಗಾಗೆದ್ದರೆ ಬಂದು ಬೀಳುವ ತಂದೆತಾಯಿಯಿಲ್ಲದ ಸಂದೇಶಗಳನ್ನು ನೋಡಿದಾಗಲೆಲ್ಲ ನನಗೆ ಆ ಕರಪತ್ರದ ನೆನಪಾಗುತ್ತದೆ. ಚುನಾವಣೆಯ ಮೇಲಿನ ಜನರ ನಂಬಿಕೆ ಕೆಡುವುದು ಎಣಿಕೆಯಲ್ಲಿ ನಡೆಯುವ ಮೋಸದಿಂದಷ್ಟೇ ಅಲ್ಲ, ಹೆಸರಿಲ್ಲದ ಮಾತಿನಿಂದಲೂ.

ಆಗಸ್ಟ್ 20ರಂದು ಎಣಿಕೆ. ಆ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ತಕರಾರಿನ ಬೀಜ ಅಲ್ಲೇ ಇದೆ. ಕಣದಲ್ಲಿ 15 ಜನ. ಗೆಲ್ಲಲು ಬೇಕಾದದ್ದು 4,18,169. ಮೊದಲ ಪ್ರಾಶಸ್ತ್ಯದಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769. ಯಾರೂ ಗೆರೆ ದಾಟಲಿಲ್ಲ. ಕೆಳಗಿನವರನ್ನು ಒಬ್ಬೊಬ್ಬರಾಗಿ ಕಳಚಿ, ಅವರ ಮತಪತ್ರಗಳಲ್ಲಿದ್ದ ಮುಂದಿನ ಪ್ರಾಶಸ್ತ್ಯವನ್ನು ಹಂಚಿದಾಗ ರೆಡ್ಡಿಯವರ ಪಾಲಿಗೆ ಹೊಸದಾಗಿ 91,879 ಬಂತು, ಗಿರಿಯವರ ಪಾಲಿಗೆ ಬರೀ 18,562. ಕೊನೆಯ ಲೆಕ್ಕ: ಗಿರಿ 4,20,077, ರೆಡ್ಡಿ 4,05,427. ಗೆರೆಗಿಂತ ಗಿರಿಯವರು ಮೇಲಿದ್ದದ್ದು 1,908ರಷ್ಟು ಮಾತ್ರ. ಆಗಿನ ಲೆಕ್ಕದಲ್ಲಿ ಮೈಸೂರಿನ ಒಬ್ಬ ಶಾಸಕನ ಮತದ ಮೌಲ್ಯ 109. ಅಂದರೆ ಹದಿನೆಂಟು ಶಾಸಕರ ಮತಕ್ಕಿಂತ ಕಡಿಮೆ. ಇಷ್ಟು ಸಣ್ಣ ಅಂತರದಲ್ಲಿ, ಅಷ್ಟು ಹೊಲಸು ಕರಪತ್ರದ ನಂತರ, ಸ್ವಂತ ಪಕ್ಷದ ಅಭ್ಯರ್ಥಿಯನ್ನು ಪ್ರಧಾನಿಯೇ ಕೈಬಿಟ್ಟ ಮೇಲೆ ಬಂದ ಫಲಿತಾಂಶವನ್ನು ಸೋತವರು ಹೇಗೆ ಒಪ್ಪಿಯಾರು?

ಒಪ್ಪಲಿಲ್ಲ. ಕೋರ್ಟಿಗೆ ಹೋದರು.

ಸುಪ್ರೀಂ ಕೋರ್ಟಿನಲ್ಲಿ ನಾಲ್ಕು ಅರ್ಜಿಗಳು ದಾಖಲಾದವು. ನ್ಯಾಯಮೂರ್ತಿ ಎಸ್.ಎಂ. ಸಿಕ್ರಿಯವರ ನೇತೃತ್ವದ ಐವರ ಪೀಠ ವಿಚಾರಣೆ ನಡೆಸಿತು. ಸಂಸದರು ಬಂದು ಸಾಕ್ಷಿ ಹೇಳಿದರು. ಅಧಿಕಾರದಲ್ಲಿದ್ದ ರಾಷ್ಟ್ರಪತಿ ಗಿರಿಯವರೂ ಬಂದು ಸಾಕ್ಷಿ ಹೇಳಿದರು. ದೇಶದ ಮೊದಲ ಪ್ರಜೆ, ತನ್ನ ಗೆಲುವು ಸರಿಯೋ ತಪ್ಪೋ ಎಂಬ ವಿಚಾರಣೆಯಲ್ಲಿ ವಕೀಲರ ಪ್ರಶ್ನೆಗಳಿಗೆ ಉತ್ತರ ಕೊಟ್ಟ ದಿನ ಅದು. ಕರಪತ್ರ ಹಂಚಿದ್ದು ನಿಜ ಎಂದು ಕೋರ್ಟು ಒಪ್ಪಿತು. ಅದರಲ್ಲಿ ಗಿರಿಯವರ ಕೈವಾಡವಿತ್ತು ಎಂಬುದಾಗಲಿ, ಅದರಿಂದ ಫಲಿತಾಂಶವೇ ಬದಲಾಯಿತು ಎಂಬುದಾಗಲಿ ಸಾಬೀತಾಗಲಿಲ್ಲ. 1970ರಲ್ಲಿ ಅರ್ಜಿಗಳು ವಜಾ ಆದವು. ಆ ತೀರ್ಪಿನ ಮೇಲೆ ಪಂಡಿತರು ಏನೇ ಚರ್ಚೆ ಮಾಡಲಿ, ನನಗೆ ದೊಡ್ಡದಾಗಿ ಕಾಣುವುದು ಆ ಸಾಕ್ಷಿ ಕಟ್ಟೆ. ಸೋತವನಿಗೆ ತನ್ನ ಮಾತು ಹೇಳಲು ಒಂದು ಜಾಗ ಸಿಕ್ಕಿತು, ಗೆದ್ದವನು ಅಲ್ಲಿಗೆ ಬಂದು ಉತ್ತರಿಸಿದ. ಆ ಮೇಲೆ ಯಾರೂ ಗಿರಿಯವರನ್ನು ಕದ್ದ ಪದವಿಯವರು ಎಂದು ಕರೆಯುವಂತಿರಲಿಲ್ಲ.

ಅಷ್ಟು ಹೊತ್ತಿಗೆ ಪಕ್ಷ ಒಡೆದಿತ್ತು. 1969ರ ನವೆಂಬರ್ 1, ನಮಗೆ ರಾಜ್ಯ ಹುಟ್ಟಿದ ದಿನ. ಅಂದೇ ದೆಹಲಿಯಲ್ಲಿ ಕಾಂಗ್ರೆಸ್ ಕಾರ್ಯಸಮಿತಿ ಎರಡು ಕಡೆ ಎರಡು ಸಭೆ ಮಾಡಿತು. ನವೆಂಬರ್ 12ರಂದು ಪ್ರಧಾನಿಯನ್ನೇ ಪಕ್ಷದಿಂದ ಹೊರಗೆ ಹಾಕಿದರು. ಮೈಸೂರಿನಲ್ಲಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು ನಿಜಲಿಂಗಪ್ಪನವರ ಜೊತೆ ಉಳಿದರು. ದೇವರಾಜ ಅರಸರು ಇಂದಿರಾ ಕಡೆ ನಡೆದರು. ಕೇಳದಿದ್ದರೂ ಹೇಳಬಾರದೇ ಎಂದಿದ್ದ ಜನಕ್ಕೆ 1971ರಲ್ಲಿ ಹೇಳುವ ಸರದಿ ಬಂತು. ರಾಜ್ಯದ 27 ಲೋಕಸಭಾ ಕ್ಷೇತ್ರಗಳೂ ಇಂದಿರಾ ಕಾಂಗ್ರೆಸ್ಸಿಗೆ ಹೋದವು. ಪ್ರಜಾ ಸೋಷಲಿಸ್ಟ್ ಪಕ್ಷದಿಂದ 1968ರ ಉಪಚುನಾವಣೆಯಲ್ಲಿ ಮಂಡ್ಯವನ್ನು ಗೆದ್ದಿದ್ದ ಮದ್ದೂರು ತಾಲ್ಲೂಕು ಸೋಮನಹಳ್ಳಿಯ ಎಸ್.ಎಂ. ಕೃಷ್ಣ ಅವರು ಈ ಸಲ ಇಂದಿರಾ ಕಾಂಗ್ರೆಸ್ಸಿನಿಂದ ಗೆದ್ದರು. ರಾಜ್ಯದ ಸರ್ಕಾರ ಬಿತ್ತು. 1972ರಲ್ಲಿ ಅರಸರು ಮುಖ್ಯಮಂತ್ರಿಯಾದರು.

ನಿಜಲಿಂಗಪ್ಪನವರ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋದರೆ ಅನ್ಯಾಯವಾಗುತ್ತದೆ. 1969ರಲ್ಲಿ ದೇಶದ ಪತ್ರಿಕೆಗಳು ಅವರನ್ನು ಹಳೆಯ ಕಾಲದ ಗುಂಪಿನ ಯಜಮಾನ ಎಂಬಂತೆ ಬರೆದವು. ಅದೇ ಮನುಷ್ಯ 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಈಚಲ ಮರ ಕಡಿದು, ಅರಣ್ಯ ಸತ್ಯಾಗ್ರಹ ಮಾಡಿ ಜೈಲಿಗೆ ಹೋದವರು, ಆ ಕಾರಣಕ್ಕೆ ವಕೀಲಿಕೆಯ ಸನ್ನದನ್ನೇ ಕಳೆದುಕೊಂಡವರು. ಬೀದಿಯಲ್ಲಿ ನಿಂತು ಸರ್ಕಾರವನ್ನು ಪ್ರಶ್ನೆ ಮಾಡಿದ ಪೀಳಿಗೆಯವರು. ಅವರ ಕಣ್ಣೆದುರೇ ಬೀದಿಯ ಜನ ಅವರ ವಿರುದ್ಧ ನಿಂತರು. ಬೀದಿ ಯಾರ ಆಸ್ತಿಯೂ ಅಲ್ಲ. ಅದು ಇವತ್ತು ನಮ್ಮ ಹಿಂದಿದ್ದರೆ ನಾಳೆ ನಮ್ಮೆದುರು ಇರಬಹುದು. ಇದನ್ನು ಒಪ್ಪುವವನು ಮಾತ್ರ ಪ್ರಜಾಪ್ರಭುತ್ವದಲ್ಲಿ ನಾಯಕನಾಗಿ ಉಳಿಯಬಲ್ಲ.

ಈಗ ನಮ್ಮ ಶಿವಪುರಕ್ಕೆ ಬರುತ್ತೇನೆ. ಮದ್ದೂರಿನ ಪಕ್ಕದ ಶಿವಪುರ, ಶಿಂಷೆಯ ದಂಡೆ. 1938ರ ಏಪ್ರಿಲ್ 11. ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ. ಅಧ್ಯಕ್ಷರು ಟಿ. ಸಿದ್ದಲಿಂಗಯ್ಯನವರು. ಬಾವುಟ ಹಾರಿಸಬಾರದು ಎಂದು ಆಜ್ಞೆ. ಹಾರಿಸಿಯೇ ಹಾರಿಸುತ್ತೇವೆ ಎಂದು ಮೈಸೂರು ಸೀಮೆಯ ಮೂಲೆ ಮೂಲೆಯಿಂದ ಬಂದ ಸಾವಿರಾರು ಜನ. ಎಂ.ಎನ್. ಜೋಯಿಸರು ಬಾವುಟ ಏರಿಸಿದರು, ಬಂಧನಗಳಾದವು, ಒಂದು ತಂಡ ಹೋದರೆ ಇನ್ನೊಂದು ತಂಡ ಮುಂದೆ ಬಂತು. ಮದ್ದೂರಿನ ಎಚ್.ಕೆ. ವೀರಣ್ಣಗೌಡರಂಥವರು ಈ ನೆಲದ ರೈತರನ್ನು ಅದಕ್ಕೆ ಸಜ್ಜುಮಾಡಿದ್ದರು. ಅದಕ್ಕೂ ಕೆಲವು ವರ್ಷ ಮೊದಲೇ ಇರ್ವಿನ್ ನಾಲೆಯ ರೈತರ ಚಳವಳಿಯಲ್ಲಿ ಇಲ್ಲಿನ ಜನ ಸರ್ಕಾರದ ಮುಂದೆ ಗಟ್ಟಿಯಾಗಿ ನಿಲ್ಲುವುದನ್ನು ಕಲಿತಿದ್ದರು.

ಅಂದು ಬಾವುಟದ ಹಿಂದಿದ್ದ ಬೇಡಿಕೆ ಜವಾಬ್ದಾರಿ ಸರ್ಕಾರ. ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ 1881ರಿಂದಲೇ ಇತ್ತು. ಹೆಮ್ಮೆ ಪಡಬೇಕಾದ ಸಂಸ್ಥೆ ಅದು. ಆದರೆ ಅದಕ್ಕೆ ಮತ ಹಾಕುವ ಹಕ್ಕು ಆಸ್ತಿವಂತರಾದ ಕೆಲವರಿಗೆ, ಮತ್ತು ಮಂತ್ರಿಗಳನ್ನು ಇಳಿಸುವ ಅಧಿಕಾರ ಅದಕ್ಕಿರಲಿಲ್ಲ. ಜನ ಹೋಗಿ ದೂರು ಹೇಳಬಹುದಿತ್ತು, ಸರ್ಕಾರ ಬದಲಿಸುವಂತಿರಲಿಲ್ಲ. ಹಾಗಾಗಿ ತಕರಾರು ಶಿಂಷೆಯ ದಂಡೆಗೆ ಬಂತು. ಎರಡು ವಾರದ ನಂತರ, ಏಪ್ರಿಲ್ 25ರಂದು, ವಿದುರಾಶ್ವತ್ಥದಲ್ಲಿ ಅದೇ ಬಾವುಟಕ್ಕಾಗಿ ಸೇರಿದ ಜನರ ಮೇಲೆ ಗುಂಡು ಹಾರಿತು, ಜನ ಸತ್ತರು. ಆ ಮೇಲೆ ಸರ್ದಾರ್ ಪಟೇಲರು ಬಂದು, ದಿವಾನ್ ಮಿರ್ಜಾ ಇಸ್ಮಾಯಿಲರ ಜೊತೆ ಮಾತಾಡಿ, ರಾಜ್ಯದ ಬಾವುಟದ ಜೊತೆ ಕಾಂಗ್ರೆಸ್ ಬಾವುಟವೂ ಹಾರಬಹುದು ಎಂಬ ಒಪ್ಪಂದವಾಯಿತು. ಎರಡು ಬಾವುಟ ಜೊತೆಗೆ ಹಾರುವುದಕ್ಕೆ ಅಷ್ಟು ಪ್ರಾಣ ಹೋಗಬೇಕಿತ್ತೇ ಎಂದು ಇವತ್ತಿಗೂ ಸಂಕಟವಾಗುತ್ತದೆ. ಜವಾಬ್ದಾರಿ ಸರ್ಕಾರ ಬಂದದ್ದು ಇನ್ನೂ ಒಂಬತ್ತು ವರ್ಷದ ಮೇಲೆ, 1947ರ ಅಕ್ಟೋಬರಿನಲ್ಲಿ, ಮೈಸೂರು ಚಲೋ ನಡೆದ ನಂತರ, ಕೆ.ಸಿ. ರೆಡ್ಡಿಯವರು ಮುಖ್ಯಮಂತ್ರಿಯಾದಾಗ.

1938 ಮತ್ತು 1969ನ್ನು ಅಕ್ಕಪಕ್ಕ ಇಟ್ಟು ನೋಡಿ. 1969ರ ತಕರಾರಿಗೆ ಹೋಗಲು ಒಂದು ಕೋರ್ಟಿತ್ತು, 1938ರ ತಕರಾರಿಗೆ ಅಂಥ ಜಾಗವಿರಲಿಲ್ಲ. ನಾಲೆ ಬಯಲಿನಲ್ಲಿ ಬದುಕುವ ನಮಗೆ ಇದು ಬೇಗ ಅರ್ಥವಾಗುತ್ತದೆ. ಕೆರೆಗೆ ನೀರು ಬರುತ್ತಲೇ ಇದ್ದು ತೂಬು ಎತ್ತದಿದ್ದರೆ ಏರಿ ಒಡೆಯುತ್ತದೆ, ಆಗ ತಪ್ಪು ನೀರಿನದಲ್ಲ.

ಹೊರದೇಶಗಳಲ್ಲೂ ಇದನ್ನೇ ಕಾಣುತ್ತೇವೆ. ಉಕ್ರೇನಿನಲ್ಲಿ 2004ರ ನವೆಂಬರಿನ ಅಧ್ಯಕ್ಷ ಚುನಾವಣೆಯಲ್ಲಿ ಮೋಸವಾಯಿತೆಂದು ಜನ ಕೊರೆಯುವ ಚಳಿಯಲ್ಲಿ ಕೀವ್ ನಗರದ ಚೌಕದಲ್ಲಿ ಕೂತರು. ಡಿಸೆಂಬರ್ 3ರಂದು ಅಲ್ಲಿನ ಸುಪ್ರೀಂ ಕೋರ್ಟು ಆ ಸುತ್ತಿನ ಮತದಾನವನ್ನೇ ರದ್ದು ಮಾಡಿತು. ಅದೇ ತಿಂಗಳು ಮತ್ತೆ ಮತದಾನವಾಗಿ, ಮೊದಲು ಸೋತಿದ್ದಾರೆ ಎಂದು ಸಾರಲಾಗಿದ್ದ ಯುಷ್ಚೆಂಕೋ ಗೆದ್ದರು. ಇರಾನಿನಲ್ಲಿ 2009ರ ಜೂನ್ 12ರ ಚುನಾವಣೆಯಲ್ಲಿ ಅಹ್ಮದಿನೆಜಾದರಿಗೆ ಶೇಕಡಾ 60ಕ್ಕೂ ಹೆಚ್ಚು ಮತ ಬಂತೆಂದು ಸರ್ಕಾರ ಸಾರಿದಾಗ, ಮೀರ್ ಹುಸೇನ್ ಮೂಸವಿಯವರ ಬೆಂಬಲಿಗರು ಹಸಿರು ಪಟ್ಟಿ ಕಟ್ಟಿಕೊಂಡು ಲಕ್ಷಗಟ್ಟಲೆ ಬೀದಿಗೆ ಬಂದು ತಮ್ಮ ಮತ ಎಲ್ಲಿ ಹೋಯಿತೆಂದು ಕೇಳಿದರು. ಅವರು ದೂರು ಹೇಳಬೇಕಾಗಿದ್ದ ಮಂಡಳಿ ಅಭ್ಯರ್ಥಿಗಳನ್ನು ಸೋಸುವ ಮಂಡಳಿಯೇ ಆಗಿತ್ತು. ಒಂದು ಪಾಲು ಪೆಟ್ಟಿಗೆಗಳನ್ನು ಮತ್ತೆ ಎಣಿಸಿ ಫಲಿತಾಂಶ ಸರಿಯಿದೆ ಎಂದರು. ಬೀದಿಯಲ್ಲಿ ರಕ್ತ ಹರಿಯಿತು. ಮೂಸವಿಯವರನ್ನು 2011ರಲ್ಲಿ ಗೃಹಬಂಧನದಲ್ಲಿಟ್ಟರು.

ಕೆನ್ಯಾದ ಕಥೆ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. 2007ರ ಡಿಸೆಂಬರಿನ ಅಧ್ಯಕ್ಷ ಚುನಾವಣೆಯ ಫಲಿತಾಂಶವನ್ನು ಸೋತವರು ಒಪ್ಪಲಿಲ್ಲ, ಕೋರ್ಟಿನ ಮೇಲೆ ಅವರಿಗೆ ನಂಬಿಕೆಯೂ ಇರಲಿಲ್ಲ. ನೆರೆಹೊರೆಯವರು ಬುಡಕಟ್ಟಿನ ಹೆಸರಲ್ಲಿ ಒಬ್ಬರನ್ನೊಬ್ಬರು ಕೊಂದರು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಆ ದೇಶ ಅದರಿಂದ ಪಾಠ ಕಲಿತು 2010ರಲ್ಲಿ ಹೊಸ ಸಂವಿಧಾನ ಮಾಡಿಕೊಂಡಿತು, ಹೊಸ ಸುಪ್ರೀಂ ಕೋರ್ಟು ಕಟ್ಟಿತು. 2017ರ ಸೆಪ್ಟೆಂಬರ್ 1ರಂದು ಆ ಕೋರ್ಟು ಅಧಿಕಾರದಲ್ಲಿದ್ದ ಅಧ್ಯಕ್ಷರ ಗೆಲುವನ್ನೇ ರದ್ದು ಮಾಡಿತು. ಮಲಾವಿ ಎಂಬ ಬಡ ದೇಶದಲ್ಲಿ 2019ರ ಎಣಿಕೆ ಪಟ್ಟಿಗಳ ಮೇಲೆ ಬಿಳಿ ಬಣ್ಣ ಬಳಿದು ಅಂಕಿಗಳನ್ನು ತಿದ್ದಿದ್ದರು. ಜನ ತಿಂಗಳುಗಟ್ಟಲೆ ಬೀದಿಯಲ್ಲಿ ನಡೆದರು, ನ್ಯಾಯಾಧೀಶರು 2020ರ ಫೆಬ್ರುವರಿಯಲ್ಲಿ ಚುನಾವಣೆಯನ್ನು ರದ್ದು ಮಾಡಿದರು, ಮರುಚುನಾವಣೆಯಲ್ಲಿ ವಿರೋಧಿ ಅಭ್ಯರ್ಥಿ ಗೆದ್ದರು. ಬೀದಿ ಮತ್ತು ಕೋರ್ಟು ಒಂದಕ್ಕೊಂದು ಶತ್ರು ಎಂದು ಹೇಳುವವರಿಗೆ ನಾನು ಮಲಾವಿಯನ್ನು ತೋರಿಸುತ್ತೇನೆ. ಅಲ್ಲಿ ಬೀದಿಯ ಜನ ನ್ಯಾಯಾಧೀಶರಿಗೆ ಧೈರ್ಯವಾಗಿ ನಿಂತರು, ನ್ಯಾಯಾಧೀಶರು ಬೀದಿಯ ಜನರ ಮಾತನ್ನು ಪುರಾವೆಯಾಗಿ ಪರೀಕ್ಷಿಸಿದರು.

ನಮ್ಮಲ್ಲಿ ತಕರಾರು ಹೇಳುವ ಆ ಜಾಗ ಸದಾ ಸುರಕ್ಷಿತವಾಗಿತ್ತೇ? ಇಲ್ಲ. 1970ರಲ್ಲಿ ರಾಷ್ಟ್ರಪತಿ ಸಾಕ್ಷಿ ಕಟ್ಟೆಗೆ ಬಂದ ದೇಶದಲ್ಲಿ, ಐದೇ ವರ್ಷಕ್ಕೆ ಗಾಳಿ ತಿರುಗಿತು. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟು ಇಂದಿರಾ ಗಾಂಧಿಯವರ ಲೋಕಸಭಾ ಆಯ್ಕೆಯನ್ನು ಅಸಿಂಧು ಎಂದಿತು. 25ರ ರಾತ್ರಿ ತುರ್ತು ಪರಿಸ್ಥಿತಿ. ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆಯವರನ್ನು ಅಲ್ಲೇ ಹಿಡಿದು ಸೆಂಟ್ರಲ್ ಜೈಲಿಗೆ ಹಾಕಿದರು. ಆಗಸ್ಟಿನಲ್ಲಿ ಸಂವಿಧಾನದ 39ನೆಯ ತಿದ್ದುಪಡಿ ಬಂತು. ರಾಷ್ಟ್ರಪತಿ, ಉಪರಾಷ್ಟ್ರಪತಿ, ಪ್ರಧಾನಿ, ಸ್ಪೀಕರ್ ಇವರ ಚುನಾವಣೆಯ ತಕರಾರುಗಳನ್ನು ಕೋರ್ಟುಗಳ ಕೈಯಿಂದ ತೆಗೆಯುವುದು ಅದರ ಉದ್ದೇಶ. ಆತ್ಮಸಾಕ್ಷಿಯ ಹೆಸರಲ್ಲಿ 1969ನ್ನು ಗೆದ್ದವರು ತಮ್ಮ ಗೆಲುವಿನ ಮೇಲೆ ಪ್ರಶ್ನೆ ಬಂದಾಗ ಪ್ರಶ್ನೆ ಕೇಳುವ ಜಾಗವನ್ನೇ ಮುಚ್ಚಲು ಹೊರಟರು. ಸುಪ್ರೀಂ ಕೋರ್ಟು ಅದೇ ನವೆಂಬರಿನಲ್ಲಿ ಪ್ರಧಾನಿಯ ಚುನಾವಣೆಗೆ ಸಂಬಂಧಿಸಿದ ಭಾಗವನ್ನು ಹೊಡೆದುಹಾಕಿತು. ರಾಷ್ಟ್ರಪತಿ ಚುನಾವಣೆಯ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಮರಳಿದ್ದು 1978ರ 44ನೆಯ ತಿದ್ದುಪಡಿಯಿಂದ.

ಇಲ್ಲಿ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದೆ. 1977ರಲ್ಲಿ ಉತ್ತರ ಭಾರತ ಸಿಡಿದೆದ್ದಾಗ ಕರ್ನಾಟಕ 28ರಲ್ಲಿ 26 ಸ್ಥಾನ ಕಾಂಗ್ರೆಸ್ಸಿಗೇ ಕೊಟ್ಟಿತು. ನಮ್ಮ ಜನಕ್ಕೆ ಸ್ವಾತಂತ್ರ್ಯದ ಬೆಲೆ ಗೊತ್ತಿರಲಿಲ್ಲವೇ? ಹಾಗೆ ಹೇಳುವ ನಗರದ ವಿದ್ಯಾವಂತರನ್ನು ನಾನು ಬಲ್ಲೆ, ಅವರ ಮಾತನ್ನು ಒಪ್ಪುವುದಿಲ್ಲ. ಅರಸರ ಕಾಲದ ಭೂಸುಧಾರಣೆ ಕಾನೂನು ಆಗಷ್ಟೇ ಜಾರಿಯಾಗುತ್ತಿತ್ತು. ಗೇಣಿದಾರ ನಮೂನೆ 7ರ ಅರ್ಜಿ ಹಿಡಿದು ಭೂನ್ಯಾಯಮಂಡಳಿಯ ಮುಂದೆ ನಿಂತಿದ್ದ. ತಲೆತಲಾಂತರದಿಂದ ಅವನ ತಕರಾರು ಕೇಳಲು ಯಾರೂ ಇರಲಿಲ್ಲ. ಮೊದಲ ಸಲ ಒಂದು ಮೇಜು, ಒಂದು ಕುರ್ಚಿ, ಅವನ ಹೆಸರು ಬರೆದುಕೊಳ್ಳುವ ಒಬ್ಬ ಗುಮಾಸ್ತ ಅವನ ತಾಲ್ಲೂಕಿಗೇ ಬಂದಿದ್ದರು. ದೆಹಲಿಯಲ್ಲಿ ಬಾಗಿಲು ಮುಚ್ಚಿದ್ದು ಅವನಿಗೆ ಕಾಣಲಿಲ್ಲ, ತನ್ನೂರಲ್ಲಿ ತೆರೆದದ್ದು ಕಂಡಿತು. ಅವನನ್ನು ದೂರುವ ಮೊದಲು ಅದನ್ನು ಅರ್ಥಮಾಡಿಕೊಳ್ಳಬೇಕು. ಹಾಗೆಂದು ಜೈಲಿನಲ್ಲಿ ಕೊಳೆತವರ ಕಷ್ಟವೂ ಸುಳ್ಳಲ್ಲ. ಎರಡನ್ನೂ ಒಂದೇ ಹೊತ್ತಿನಲ್ಲಿ ಹೇಳಲಾಗದೆ ನಮ್ಮ ಇತಿಹಾಸದ ಪುಸ್ತಕಗಳು ಯಾವುದೋ ಒಂದನ್ನು ಬಿಡುತ್ತವೆ.

ಕಾವೇರಿಯ ವಿಷಯ ತೆಗೆಯದೆ ಮಂಡ್ಯದಲ್ಲಿ ಬೀದಿಯ ಬಗ್ಗೆ ಮಾತು ಮುಗಿಯುವುದಿಲ್ಲ. ಅದು ಚುನಾವಣೆಯ ತಕರಾರಲ್ಲ, ತೀರ್ಪಿನ ತಕರಾರು. ಆದರೆ ಬೀದಿ ಮತ್ತು ಕೋರ್ಟಿನ ನಡುವೆ ಈ ಜಿಲ್ಲೆಯಷ್ಟು ಓಡಾಡಿದ ಜಿಲ್ಲೆ ನಾಡಿನಲ್ಲಿ ಇನ್ನೊಂದಿಲ್ಲ. ಕಾವೇರಿ ನ್ಯಾಯಮಂಡಳಿಯ 1991ರ ಜೂನ್ 25ರ ಮಧ್ಯಂತರ ಆದೇಶ ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು ಎಂದಾಗ, ಸಂಜಯ ವೃತ್ತದಿಂದ ಮದ್ದೂರಿನ ಹೆದ್ದಾರಿಯವರೆಗೆ ಈ ಜನ ಕೂತದ್ದು, ಜಿ. ಮಾದೇಗೌಡರು ಇಳಿವಯಸ್ಸಿನವರೆಗೂ ಧರಣಿಯ ಮುಂಚೂಣಿಯಲ್ಲಿದ್ದದ್ದು ನಿಮಗೆ ನಾನು ಹೇಳಬೇಕಾಗಿಲ್ಲ. 2002ರಲ್ಲಿ ಮುಖ್ಯಮಂತ್ರಿಯಾಗಿದ್ದ ಕೃಷ್ಣ ಅವರೇ ಮಂಡ್ಯದ ಕಡೆಗೆ ಪಾದಯಾತ್ರೆ ಹೊರಟರು. ನ್ಯಾಯಾಂಗ ನಿಂದನೆಯ ನೋಟಿಸು ಬಂದಾಗ ಸುಪ್ರೀಂ ಕೋರ್ಟಿನ ಕ್ಷಮೆ ಕೇಳಿದವರೂ ಅವರೇ. ಕೆಲವರು ಅದನ್ನು ಸೋಲು ಎಂದರು. ನಾನು ಹಾಗೆ ನೋಡುವುದಿಲ್ಲ. ತನ್ನ ಜನರ ಸಂಕಟದ ಜೊತೆ ನಡೆದು, ಆಮೇಲೆ ಕಾನೂನಿನ ಮುಂದೆ ತಲೆಬಾಗಿದ್ದರಲ್ಲಿ ಅವಮಾನವೇನೂ ಇಲ್ಲ. 2018ರ ಫೆಬ್ರುವರಿ 16ರ ತೀರ್ಪಿನಲ್ಲಿ ತಮಿಳುನಾಡಿಗೆ ಬಿಡಬೇಕಾದ ನೀರು 192ರಿಂದ 177.25 ಟಿಎಂಸಿಗೆ ಇಳಿದು, ನಮಗೆ 14.75 ಹೆಚ್ಚಾಗಿ ಸಿಕ್ಕಿತು. ಬಿಡದೆ ಹೇಳುತ್ತಾ ಬಂದದ್ದಕ್ಕೆ, ಕಾಗದಪತ್ರ ಇಟ್ಟು ವಾದಿಸಿದ್ದಕ್ಕೆ ಸಿಕ್ಕಿದ ಫಲ ಅದು.

ಆದರೆ 1991ರ ಡಿಸೆಂಬರನ್ನು ಮರೆಸುವ ಹಾಗಿಲ್ಲ. ಮಧ್ಯಂತರ ಆದೇಶ ಗೆಜೆಟ್ಟಿನಲ್ಲಿ ಬಂದ ಮೇಲೆ ಬೆಂಗಳೂರಿನಲ್ಲಿ, ಮೈಸೂರು, ಮಂಡ್ಯದ ಕಡೆಗಳಲ್ಲಿ ತಮಿಳು ಮಾತಾಡುವ ಕೂಲಿಗಳು, ಸಣ್ಣ ಹಿಡುವಳಿದಾರರು ಮನೆಮಠ ಬಿಟ್ಟು ಓಡಬೇಕಾಯಿತು. ಆ ಆದೇಶ ಬರೆದವರು ಅವರಲ್ಲ. ನಮ್ಮ ಗದ್ದೆಯಲ್ಲೇ ನಾಟಿ ಹಾಕಿದ್ದವರು. ಬಲವಿಲ್ಲದ ನೆರೆಯವನ ಮೇಲೆ ಕೈ ಮಾಡಿದ ಕ್ಷಣದಲ್ಲಿ ಬೀದಿ ತನ್ನ ನ್ಯಾಯವನ್ನು ಕಳೆದುಕೊಳ್ಳುತ್ತದೆ. ಶಿವಪುರದಲ್ಲಿ ಲಾಠಿಯ ಎದುರು ನಿಂತವರ ಮೊಮ್ಮಕ್ಕಳು ನಾವು. ಅದನ್ನು ಹೆಮ್ಮೆಯಿಂದ ಹೇಳುವಾಗ ಇದನ್ನೂ ಹೇಳಬೇಕು.

ಸಂಜೀವ ರೆಡ್ಡಿಯವರು ಏನಾದರು ಎಂದು ಕೇಳುವವರಿಗೆ ಹೇಳುತ್ತೇನೆ. ಸೋತ ಮೇಲೆ ಅವರು ನಮ್ಮ ಗಡಿಯಾಚೆಯ ಅನಂತಪುರ ಜಿಲ್ಲೆಯ ತಮ್ಮ ಊರಿಗೆ ಹೋಗಿ ಬೇಸಾಯ ಮಾಡಿಕೊಂಡಿದ್ದರು. 1977ರಲ್ಲಿ ಫಕ್ರುದ್ದೀನ್ ಅಲಿ ಅಹ್ಮದರು ತೀರಿಕೊಂಡು, ಜಮಖಂಡಿಯ ಬಿ.ಡಿ. ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾಗಿದ್ದಾಗ, 37 ಜನ ನಾಮಪತ್ರ ಹಾಕಿದರು. ರೆಡ್ಡಿಯವರದೊಂದನ್ನು ಬಿಟ್ಟು ಉಳಿದವೆಲ್ಲ ತಿರಸ್ಕೃತವಾದವು. ಅವರು ಅವಿರೋಧವಾಗಿ ಆಯ್ಕೆಯಾದರು. ಎಂಟು ವರ್ಷ ಹಿಂದೆ 14,650ರಲ್ಲಿ ಕೈತಪ್ಪಿದ್ದು ಒಂದೂ ಮತವಿಲ್ಲದೆ ಬಂತು.

ಆ 36 ನಾಮಪತ್ರಗಳು ಬಿದ್ದುಹೋದದ್ದು 1974ರ ಕಾನೂನು ತಿದ್ದುಪಡಿಯಿಂದ. 1969ರಲ್ಲಿ ಒಬ್ಬ ಸೂಚಕ, ಒಬ್ಬ ಅನುಮೋದಕ ಸಾಕಾಗಿತ್ತು. 1974ರಲ್ಲಿ ಹತ್ತು ಹತ್ತು ಬೇಕೆಂದಾಯಿತು, 1997ರಲ್ಲಿ ಐವತ್ತು ಐವತ್ತು. ಆಟಕ್ಕೆ ನಿಲ್ಲುವವರನ್ನು ತಡೆಯಬೇಕಿತ್ತು ಎಂಬುದನ್ನು ಒಪ್ಪುತ್ತೇನೆ. ಆದರೆ ಅದೇ 1974ರ ತಿದ್ದುಪಡಿ, ರಾಷ್ಟ್ರಪತಿ ಚುನಾವಣೆಯನ್ನು ಪ್ರಶ್ನಿಸಿ ಅರ್ಜಿ ಹಾಕುವುದನ್ನೂ ಕಷ್ಟ ಮಾಡಿತು. ಈಗ ಅಭ್ಯರ್ಥಿಯೊಬ್ಬರು ಹಾಕಬೇಕು, ಇಲ್ಲವೇ ಕನಿಷ್ಠ 20 ಮತದಾರರು, ಅಂದರೆ 20 ಶಾಸಕರೋ ಸಂಸದರೋ, ಒಟ್ಟಾಗಿ 30 ದಿನದೊಳಗೆ ಹಾಕಬೇಕು. ಮಂಡ್ಯ ಜಿಲ್ಲೆಯ ಏಳೂ ಶಾಸಕರು ಪಕ್ಷ ಮರೆತು ಒಂದಾಗಿ, ನಮ್ಮ ಸಂಸದರನ್ನೂ ಸೇರಿಸಿಕೊಂಡು ಹೋದರೂ ಎಂಟೇ ಜನ. ಅರ್ಜಿ ನಿಲ್ಲುವುದಿಲ್ಲ. ಈ ಸಂಖ್ಯೆ ಇಳಿಯಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. 2027ರಲ್ಲಿ ಮತ್ತೆ ರಾಷ್ಟ್ರಪತಿ ಚುನಾವಣೆ ಬರುತ್ತದೆ. ಅದಕ್ಕೆ ಮೊದಲು ಮದ್ದೂರು, ಮಳವಳ್ಳಿ, ಮಂಡ್ಯದ ಶಾಸಕರು ನಿಮ್ಮ ಊರಿಗೆ ಬಂದಾಗ ರಸ್ತೆ, ನಾಲೆ, ಕಬ್ಬಿನ ಬಾಕಿಯ ಜೊತೆಗೆ ಇದನ್ನೂ ಕೇಳಿ: ಯಾರಿಗೆ ಮತ ಹಾಕುತ್ತೀರಿ, ಯಾಕೆ, ಮತ್ತು ಈ ಇಪ್ಪತ್ತನ್ನು ಇಳಿಸಲು ನಿಮ್ಮ ಪಕ್ಷ ಸಂಸತ್ತಿನಲ್ಲಿ ಮಾತೆತ್ತುತ್ತದೆಯೇ?